ಕೋಲಾರದ ಕಡೆಯ ಚರ್ಚುಗಳಲ್ಲಿ ವಲಸೆ ಕಾರ್ಮಿಕರ ನೆರವು ಕೇಂದ್ರ ನಡೆಸುವ ಬಗೆ

ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳ ಸುತ್ತಮುತ್ತ ಭಾನುವಾರದ ಬಲಿಪೂಜೆಯ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಝಾರ್ಖಂಡ್, ಒಡಿಶಾ, ಛತ್ತೀಸ್‌ಗಢ, ಅಸ್ಸಾಂ ಕಡೆಯ ಹುಡುಗ ಹುಡುಗಿಯರು ನಿಂತಿರುವುದು ಈಗ ಮಾಮೂಲು. ಅವರ ನಡುವಿನ ಮಾತು ಸಾದ್ರಿ ಇಲ್ಲವೇ ಹಿಂದಿ. ಪೂಜೆ ನಡೆಯುವುದು ಕನ್ನಡದಲ್ಲೋ ತಮಿಳಿನಲ್ಲೋ. ಪೂಜೆ ಮುಗಿದ ಕೂಡಲೇ ಯಾರೊಡನೆಯೂ ಮಾತಾಡದೆ ಹೊರಟುಬಿಡುತ್ತಾರೆ. ಚರ್ಚಿನ ಮುಖವನ್ನೇ ನೋಡದ ಬಿಹಾರ, ಬಂಗಾಳ, ಉತ್ತರ ಪ್ರದೇಶದವರು, ನಮ್ಮದೇ ರಾಯಚೂರು, ಯಾದಗಿರಿ, ಕಲಬುರಗಿಯವರು ಇವರಿಗಿಂತ ಎಷ್ಟೋ ಪಾಲು ಹೆಚ್ಚು. ಕೇಂದ್ರ ಇರಬೇಕಾದದ್ದು ಇವರೆಲ್ಲರಿಗಾಗಿ.

ಈ ಬರಹ ಹೊಸದಾಗಿ ವರ್ಗವಾಗಿ ಬಂದ ಫಾದರ್‌ಗಳಿಗೆ, ಕಾನ್ವೆಂಟಿನ ಸಿಸ್ಟರ್‌ಗಳಿಗೆ, ಬಡವರಿಗೆ ನೆರವಾಗುವ ವಿನ್ಸೆಂಟ್ ದೆ ಪೌಲ್ ಸಭೆಯವರಿಗೆ, ಧರ್ಮಕೇಂದ್ರದ ಯುವಕರಿಗೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೇ ಸೇರಿವೆ. ಹಾಗಾಗಿ ಗೌರಿಬಿದನೂರು, ವಸಂತನರಸಾಪುರ ಕಡೆಯವರಿಗೂ ಇಲ್ಲಿನ ಮಾತು ಹೆಚ್ಚುಕಡಿಮೆ ಹಾಗೇ ಹೊಂದುತ್ತದೆ.

ಯಾರ ದಾರಿಯಲ್ಲಿ ನಡೆಯುತ್ತಿದ್ದೇವೆ ಎಂಬುದು ಮೊದಲು ಗೊತ್ತಿರಲಿ. ಇಟಲಿಯ ಪಿಯಾಚೆಂಜದ ಧರ್ಮಾಧ್ಯಕ್ಷರಾಗಿದ್ದ ಜೊವಾನಿ ಬತಿಸ್ತಾ ಸ್ಕಲಬ್ರಿನಿ, ಅಮೆರಿಕಕ್ಕೆ ಗುಳೆ ಹೊರಟ ಬಡ ಇಟಾಲಿಯನ್ನರಿಗಾಗಿ 1887ರ ನವೆಂಬರ್ 28ರಂದು ಗುರುಗಳ ಸಭೆಯೊಂದನ್ನು ಹುಟ್ಟುಹಾಕಿದರು. ಪೂಜೆ, ಪಾಪನಿವೇದನೆಗೆ ಗುರುಗಳನ್ನು ಕಳಿಸಿದರೆ ಸಾಲದು ಎಂದು ಬೇಗ ಕಂಡುಕೊಂಡು, ಬಂದರಿನಲ್ಲೇ ನಿಂತು ನೆರವಾಗಲು ಸಂತ ರಫಾಯೇಲರ ಹೆಸರಿನಲ್ಲಿ ಶ್ರೀಸಾಮಾನ್ಯ (ಗುರುಗಳಲ್ಲದ) ವಿಶ್ವಾಸಿಗಳ ಸಂಘ ಕಟ್ಟಿದರು. ಜೆನೋವಾ ಬಂದರಿನಲ್ಲಿ ಫಾದರ್ ಪಿಯೆತ್ರೊ ಮಾಲ್ದೊತ್ತಿ, ಹಡಗಿನ ಏಜೆಂಟರೂ ವಸತಿಗೃಹದವರೂ ವಲಸಿಗರನ್ನು ಸುಲಿಯುವುದರ ವಿರುದ್ಧ ದಿನದಿನವೂ ಜಗಳಕ್ಕೆ ನಿಂತರು. ಸ್ಕಲಬ್ರಿನಿ ಆ ಸುಲಿಗೆಯನ್ನು ಬರೆದು, ಭಾಷಣ ಮಾಡಿ, ಶಾಸಕರ ಮುಂದಿಟ್ಟರು. 1901ರಲ್ಲಿ ಇಟಲಿ ವಲಸಿಗರ ರಕ್ಷಣೆಗೆ ಕಾನೂನು ತಂದಿತು. ಪೋಪ್ ಫ್ರಾನ್ಸಿಸ್ 2022ರ ಅಕ್ಟೋಬರ್ 9ರಂದು ಅವರನ್ನು ಸಂತರೆಂದು ಘೋಷಿಸಿದರು. ಅಂದಿನ ಹಡಗಿನ ಏಜೆಂಟರ ಜಾಗದಲ್ಲಿ ಇಂದು ಲೇಬರ್ ಕಂಟ್ರಾಕ್ಟರ್, ಮೇಸ್ತ್ರಿ ಇದ್ದಾರೆ. ಆದ್ದರಿಂದ ನೆರವು ಕೇಂದ್ರದ ಮೊದಲ ಕೆಲಸ ಕಂಬಳಿ, ಅಕ್ಕಿ ಹಂಚುವುದಲ್ಲ. ಕಾರ್ಮಿಕ ದುಡಿದ ಕೂಲಿ ಆತನ ಕೈಗೆ ಸೇರುವಂತೆ ಮಾಡುವುದು. ದಾನ ಒಂದು ದಿನದ್ದು, ಕೂಲಿ ಆತನ ಹಕ್ಕು.

ಶುರು ಮಾಡುವ ಮೊದಲು

ಬೋರ್ಡು ಹಾಕುವುದಕ್ಕಿಂತ ಮೊದಲು ತಿರುಗಾಡಿ. ಪಾಳಿ ಬಿಡುವ ಹೊತ್ತು ನೋಡಿಕೊಂಡು ಹೋಗಿ. ಬೆಳಿಗ್ಗೆ ಹೋದರೆ ರಾತ್ರಿ ಪಾಳಿಯವರು ಮಲಗಿರುತ್ತಾರೆ, ಉಳಿದವರು ಕೆಲಸದಲ್ಲಿರುತ್ತಾರೆ. ಕಂಪನಿ ಬಸ್ಸುಗಳು ಎಲ್ಲಿ ಇಳಿಸುತ್ತವೆ, ಒಂದು ಕೋಣೆಯಲ್ಲಿ ಎಷ್ಟು ಜನ, ಬಾಡಿಗೆ ಕಟ್ಟುವವರು ಯಾರು, ಮಾಲೂರು ಕಡೆಯ ಹೆಂಚು, ಇಟ್ಟಿಗೆ ಗೂಡುಗಳಲ್ಲಿ, ಚಿಕ್ಕಬಳ್ಳಾಪುರ ಕಡೆಯ ಕಲ್ಲು ಕ್ರಷರ್‌ಗಳಲ್ಲಿ ಸಂಸಾರ ಸಮೇತ ಇರುವವರು ಎಷ್ಟು ಎಂಬುದನ್ನು ಗುರುತು ಹಾಕಿಕೊಳ್ಳಿ. ಕಿರಾಣಿ ಅಂಗಡಿಯವರು, ಮೊಬೈಲ್ ರೀಚಾರ್ಜ್ ಮಾಡುವವರು, ಆಟೊದವರಿಗೆ ಇದು ಯಾರಿಗಿಂತಲೂ ಚೆನ್ನಾಗಿ ಗೊತ್ತು. ಮೊದಲ ಭೇಟಿಗೆ ತಿಂಡಿ ಪೊಟ್ಟಣ ಒಯ್ಯಬೇಡಿ, ಫೋಟೊ ತೆಗೆಯಬೇಡಿ. ಒಮ್ಮೆ ಹಂಚುವವರಾಗಿ ಗುರುತಾದರೆ ಸಂಬಳದ ಮಾತು ಹೊರಗೆ ಬರುವುದಿಲ್ಲ.

ಜಾಗ ಚರ್ಚಿನ ಒಳಗಿರಬಾರದು. ರಸ್ತೆಗೆ ಬಾಗಿಲಿರುವ ಶಾಲಾ ಕೊಠಡಿಯೋ ಸಭಾಂಗಣದ ಜಗುಲಿಯೋ ಆದರೆ ಮುಸ್ಲಿಮರೂ ಹಿಂದೂಗಳೂ ಸಂಕೋಚವಿಲ್ಲದೆ ಬರುತ್ತಾರೆ. ಹೊತ್ತು ಖಾಯಂ ಇರಲಿ: ಭಾನುವಾರ ಸಂಜೆ 4ರಿಂದ 6, ಜೊತೆಗೆ ವಾರದ ನಡುವೆ ಒಂದು ಸಂಜೆ. ಒಬ್ಬರೂ ಬಾರದ ದಿನವೂ ಬಾಗಿಲು ತೆರೆದಿರಲೇಬೇಕು. ಎರಡು ವಾರ ಮುಚ್ಚಿದರೆ ಮತ್ತೆ ಜನ ಕೂಡಿಸಲು ತಿಂಗಳುಗಳೇ ಹಿಡಿಯುತ್ತವೆ.

ಕನಿಷ್ಠ ಮೂವರು ಬೇಕು. ಹಿಂದಿ ಚೆನ್ನಾಗಿ ಬರುವವರೊಬ್ಬರು, ಅಚ್ಚುಕಟ್ಟಾಗಿ ಬರೆಯುವವರೊಬ್ಬರು, ಸೋಮವಾರ ಕಚೇರಿಗೆ ಅಲೆಯಲು ಬಿಡುವಿರುವವರೊಬ್ಬರು. ಮೂರನೆಯವರು ಸಿಗುವುದೇ ಕಷ್ಟ. ಕೆಜಿಎಫ್ ಕಡೆಯ ಧರ್ಮಕೇಂದ್ರಗಳಾದರೆ ಚಿನ್ನದ ಗಣಿಯ ನಿವೃತ್ತರನ್ನು, ಅವರ ಮಕ್ಕಳನ್ನು ಕೇಳಿ. 1880ರ ದಶಕದಿಂದ ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಗಣಿ ಕೆಲಸಕ್ಕೆ ಬಂದು ಲೈನು ಮನೆಗಳಲ್ಲಿ ನೆಲೆಸಿದವರ ಪೀಳಿಗೆ ಅದು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಬಾಕಿ ಹಣಕ್ಕಾಗಿ ಕಾಗದಪತ್ರ ಹಿಡಿದು ಅಲೆದ ಅನುಭವ ಅವರಿಗಿದೆ. ಸ್ವೀಕೃತಿ ಮೊಹರು ಇಲ್ಲದ ಅರ್ಜಿಗೆ ಬೆಲೆಯಿಲ್ಲ ಎಂಬುದನ್ನು ಅವರಿಗೆ ಕಲಿಸಬೇಕಾಗಿಲ್ಲ.

ದಾಖಲೆ ಪುಸ್ತಕ

ಪುಟಸಂಖ್ಯೆ ಹಾಕಿದ ದಪ್ಪ ರಿಜಿಸ್ಟರ್ ಒಂದು ಸಾಕು, ಮೊದಲ ವರ್ಷ ಕಂಪ್ಯೂಟರ್ ಬೇಡ. ಪ್ರತಿಯೊಬ್ಬರಿಗೂ ಒಂದು ಪುಟ. ಆಧಾರ್‌ನಲ್ಲಿ ಇರುವಂತೆಯೇ ಹೆಸರು, ಊರು, ಠಾಣೆ, ಜಿಲ್ಲೆ, ಊರಿನಲ್ಲಿರುವ ಒಬ್ಬರ ಫೋನ್ ನಂಬರ್, ಕರೆತಂದ ಮೇಸ್ತ್ರಿಯ ಹೆಸರು, ನಂಬರ್, ಕೆಲಸದ ಜಾಗದ ಗೇಟಿನ ಮೇಲೆ ಬರೆದಿರುವ ಕಂಪನಿಯ ಹೆಸರು, ಸೇರಿದ ದಿನ, ಮಾತಾಡಿದ ಕೂಲಿ, ಕೈಗೆ ಬಂದ ಕೂಲಿ, ಇಎಸ್‌ಐ (ನೌಕರರ ರಾಜ್ಯ ವಿಮೆ) ನಂಬರ್, ಪಿಎಫ್‌ನ (ಭವಿಷ್ಯ ನಿಧಿಯ) ಖಾತೆಯ ಯುಎಎನ್ ನಂಬರ್.

ಗೇಟಿನ ಮೇಲಿನ ಹೆಸರು ಕೇಳುವುದಕ್ಕೆ ಕಾರಣವಿದೆ. ಕಾರ್ಮಿಕನಿಗೆ ಗೊತ್ತಿರುವುದು ಮೇಸ್ತ್ರಿ ಒಬ್ಬನೇ. ಮೇಸ್ತ್ರಿಯ ಮೇಲೆ ಕಂಟ್ರಾಕ್ಟರ್, ಅವನ ಮೇಲೆ ಇನ್ನೊಂದು ಏಜೆನ್ಸಿ, ಅದರ ಮೇಲೆ ಕಂಪನಿ. ಮೇಸ್ತ್ರಿ ಫೋನ್ ಆರಿಸಿ ಮಾಯವಾದರೆ ಹಿಡಿಯಲು ಉಳಿಯುವುದು ಆ ಕಂಪನಿ ಮಾತ್ರ. ಗುರುತಿನ ಚೀಟಿಯ ಎರಡೂ ಬದಿ ಫೋಟೊ ತೆಗೆದುಕೊಳ್ಳಿ. ಕೆಲಸ ಬಿಡಿಸಿದ ದಿನವೇ ಅದನ್ನು ಕಿತ್ತುಕೊಳ್ಳುತ್ತಾರೆ. ಮೂಲ ದಾಖಲೆ ಯಾವುದನ್ನೂ ನಿಮ್ಮ ಬಳಿ ಇಟ್ಟುಕೊಳ್ಳಬೇಡಿ. ಮೇಸ್ತ್ರಿಗಳು ಮಾಡುವುದೂ ಅದನ್ನೇ.

ಧರ್ಮದ ಕಾಲಂ ಬೇಡವೇ ಬೇಡ. ನೆರವು ಕೇಳಿ ಬಂದವರನ್ನು ಪ್ರಾರ್ಥನೆಗೆ ಕರೆಯಬೇಡಿ, ಮೇಜಿನ ಮೇಲೆ ಪ್ರಾರ್ಥನಾ ಪುಸ್ತಕ ಇಡಬೇಡಿ. ಮತಾಂತರದ ಗುಮಾನಿ ಒಮ್ಮೆ ಎದ್ದರೆ ಕೂಲಿಯ ವಿಷಯ ಮೂಲೆಗೆ ಬೀಳುತ್ತದೆ. ಕಷ್ಟಕ್ಕೆ ಸಿಕ್ಕಿಕೊಳ್ಳುವವನು ಫಾದರ್ ಅಲ್ಲ, ಕಾರ್ಮಿಕ. ಪೂಜೆಗೆ ಬರುವ ಕ್ರೈಸ್ತ ಹುಡುಗರಿಗೆ ಹಿಂದಿಯಲ್ಲೋ ಸಾದ್ರಿಯಲ್ಲೋ ಪೂಜೆ ಏರ್ಪಡಿಸುವುದು ಒಳ್ಳೆಯದೇ, ಆದರೆ ಅದು ಬೇರೆ ಕೆಲಸ, ಬೇರೆ ಹೊತ್ತಿನಲ್ಲಿ ಆಗಬೇಕು.

ಬಾಕಿ ಕೂಲಿ ವಸೂಲಿ

ಬರುವ ದೂರುಗಳಲ್ಲಿ ದೊಡ್ಡ ಪಾಲು ಇದೇ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ಮೊಬೈಲ್ ಫೋನ್ ಘಟಕದಲ್ಲಿ ಗುತ್ತಿಗೆ ಕಾರ್ಮಿಕರ ಸಿಟ್ಟು ಒಡೆದದ್ದೂ ವೇತನ, ಹಾಜರಾತಿಯ ಗೊಂದಲದಿಂದಲೇ. ಇಂಥ ದೂರು ಹತ್ತು ದಿನ ಹಳತಾದಾಗಲೇ ಕೈಗೆ ಸಿಕ್ಕಿದರೆ ಬಗೆಹರಿಸುವುದು ಸುಲಭ.

ಮೊದಲು ಲೆಕ್ಕ. ಎದುರಿಗೆ ಕೂರಿಸಿಕೊಂಡು ಕಾಗದದ ಮೇಲೆ ಮಾಡಿ. ಒಂದು ಮಾದರಿ: ದಿನಕ್ಕೆ 550 ರೂಪಾಯಿ, 41 ದಿನ, ಅಂದರೆ 22,550. ಓವರ್‌ಟೈಮ್ 36 ಗಂಟೆ. 8 ಗಂಟೆಗೆ 550 ಆದರೆ ಗಂಟೆಗೆ 68.75, ಓವರ್‌ಟೈಮ್‌ಗೆ ಎರಡರಷ್ಟು, ಅಂದರೆ 137.50. ಒಟ್ಟು 4,950. ಎರಡೂ ಸೇರಿ 27,500. ಮುಂಗಡ ಪಡೆದ 6,000 ಕಳೆದರೆ ಬಾಕಿ 21,500. ಮುಂಗಡವನ್ನು ಬಚ್ಚಿಡಲು ಬಿಡಬೇಡಿ. ಕಂಟ್ರಾಕ್ಟರ್ ಮೊದಲು ಎತ್ತುವುದೇ ಅದನ್ನು, ಒಂದು ಸುಳ್ಳು ಸಿಕ್ಕಿದರೆ ಇಡೀ ಲೆಕ್ಕವನ್ನು ತಳ್ಳಿಹಾಕುತ್ತಾನೆ.

ಆಮೇಲೆ ಪುರಾವೆ. ಬ್ಯಾಂಕ್ ಪಾಸ್‌ಬುಕ್ಕಿನ ನಮೂದು, ಫೋನ್‌ಪೇ ಸಂದೇಶ, ಹಾಜರಿ ಪುಸ್ತಕದ ಫೋಟೊ, ಸೂಪರ್‌ವೈಸರ್ ವಾಟ್ಸಾಪ್‌ನಲ್ಲಿ ಕಳಿಸಿದ ಪಾಳಿ ಪಟ್ಟಿ, ಗೇಟ್ ಪಾಸ್. ಏನೂ ಇಲ್ಲದಿದ್ದರೆ ಜೊತೆಗೆ ದುಡಿದ ಇಬ್ಬರ ಹೇಳಿಕೆ. ಪುರಾವೆ ಕಡಿಮೆಯೆಂದು ಕೈಚೆಲ್ಲಬೇಕಿಲ್ಲ, ಏಕೆಂದರೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ ಪ್ರಕಾರ ಬಾಕಿ ಕೊಟ್ಟಾಗಿದೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕನದು. ಅದೇ ಸಂಹಿತೆಯ ಇನ್ನೂ ಮೂರು ಮಾತು ನಾಲಿಗೆ ತುದಿಯಲ್ಲಿರಲಿ. ಕೆಲಸ ಬಿಟ್ಟರೂ ಬಿಡಿಸಿದರೂ ಎರಡು ಕೆಲಸದ ದಿನಗಳೊಳಗೆ ಪೂರ್ತಿ ಬಾಕಿ ಕೊಡಬೇಕು. ಕಂಟ್ರಾಕ್ಟರ್ ಕೊಡದಿದ್ದರೆ ಕಂಪನಿಯೇ ಹೊಣೆ. ಬಾಕಿಗಾಗಿ ಅರ್ಜಿ ಹಾಕಲು ಮೂರು ವರ್ಷ ಅವಕಾಶವಿದೆ.

ಕ್ರಮ ಹೀಗಿರಲಿ. ಮೊದಲು ಕಂಟ್ರಾಕ್ಟರ್‌ಗೆ ಸೌಜನ್ಯದ ಒಂದು ಫೋನ್. ದಿನ, ಹೊತ್ತು, ಆತ ಹೇಳಿದ ಮಾತು ರಿಜಿಸ್ಟರ್‌ಗೆ. ಎಷ್ಟೋ ಬಾಕಿ ಇಲ್ಲೇ ತೀರುತ್ತದೆ. ಒಂದು ವಾರ ಕಾದು ಕಂಪನಿಯ ಎಚ್‌ಆರ್ ವಿಭಾಗಕ್ಕೆ ಕಾರ್ಮಿಕನ ಸಹಿಯಿರುವ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಲೆಕ್ಕದ ಹಾಳೆ ಲಗತ್ತಿಸಿ. ಅದಕ್ಕೂ ಜಗ್ಗದಿದ್ದರೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿ. ದೂರು ಎರಡು ಪ್ರತಿ, ಒಂದರ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಹೊರಬರಬೇಡಿ. ಸದ್ಯಕ್ಕೆ ಯಾವ ನಮೂನೆ ಚಾಲ್ತಿಯಲ್ಲಿದೆ ಎಂದು ಅಲ್ಲೇ ಕೇಳಿ, ಹಳೆಯ ಕಾಯ್ದೆಯ ನಮೂನೆ ತುಂಬಿ ಕೊಟ್ಟರೆ ಅದೇ ನೆಪದಲ್ಲಿ ತಿಂಗಳು ಕಳೆಯಬಹುದು. ಕಾರ್ಮಿಕ ಇಲಾಖೆಯ ಸಹಾಯವಾಣಿ 155214.

ಫಾದರ್ ತಮ್ಮ ಹೆಸರಿನಲ್ಲಿ ಈ ಅರ್ಜಿ ಹಾಕಲು ಬರುವುದಿಲ್ಲ. ಕಾರ್ಮಿಕ ತಾನೇ ಹಾಕಬೇಕು, ಇಲ್ಲವೇ ಆತ ಸದಸ್ಯನಾಗಿರುವ ನೋಂದಾಯಿತ ಕಾರ್ಮಿಕ ಸಂಘ, ಅದೂ ಇಲ್ಲದಿದ್ದರೆ ಇಲಾಖೆಯ ನಿರೀಕ್ಷಕರು. ಆದ್ದರಿಂದ ಜಿಲ್ಲೆಯಲ್ಲಿ ಪ್ರಾಮಾಣಿಕವಾಗಿ ಕೆಲಸ ಮಾಡುವ ಸಂಘಗಳ ಸ್ನೇಹ ಬೆಳೆಸಿ. ಬಾವುಟದ ಬಣ್ಣ ನೋಡಿ ದೂರ ಉಳಿಯುವ ಅಭ್ಯಾಸ ಚರ್ಚಿನವರಲ್ಲಿದೆ, ಅದರಿಂದ ನಷ್ಟವಾಗುವುದು ಕಾರ್ಮಿಕನಿಗೆ. ಸಂಘ ಕಟ್ಟುವ ಹಕ್ಕನ್ನು ಪೋಪರ 1891ರ ‘ರೇರುಮ್ ನೊವಾರುಮ್’ ವಿಶ್ವಪತ್ರದಿಂದ ಹಿಡಿದು ಧರ್ಮಸಭೆ ಎತ್ತಿಹಿಡಿಯುತ್ತಲೇ ಬಂದಿದೆ.

ಕೆಡುವುದು ಎಲ್ಲಿ? ಬಹುಪಾಲು ಮೂರು ಕಡೆ. ದೂರು ಕೊಟ್ಟವನು ವಿಚಾರಣೆಗೆ ಮುಂಚೆಯೇ ಊರಿಗೆ ರೈಲು ಹತ್ತುತ್ತಾನೆ. ಹೊರಡುವ ಮೊದಲೇ ಲೆಕ್ಕದ ಹಾಳೆಗೂ ದೂರಿಗೂ ಸಹಿ ಹಾಕಿಸಿ, ತನ್ನ ಪರವಾಗಿ ಹಾಜರಾಗುವವರಿಗೆ ಅಧಿಕಾರ ಪತ್ರ ಬರೆಸಿ, ಬ್ಯಾಂಕ್ ಖಾತೆಯ ವಿವರ ತೆಗೆದಿಟ್ಟುಕೊಳ್ಳಿ. ಎರಡನೆಯದು, ಗೇಟಿನ ಬಳಿ ಅರ್ಧ ಹಣ ಕೊಟ್ಟು ಖಾಲಿ ಹಾಳೆಗೆ ಸಹಿ ಹಾಕಿಸಿಕೊಳ್ಳುವುದು. ಕನ್ನಡವನ್ನೋ ಇಂಗ್ಲಿಷನ್ನೋ ಓದಲಾರದವನಿಗೆ ಇದನ್ನು ಮೊದಲ ದಿನವೇ ಎಚ್ಚರಿಸಿ. ಮೂರನೆಯದು, ಹಣ ಫಾದರ್ ಕೈಯಲ್ಲಿ ಹಾಯುವುದು. ರಾಜಿಯಾದ ಮೊತ್ತ ನೇರವಾಗಿ ಕಾರ್ಮಿಕನ ಖಾತೆಗೇ ಹೋಗಲಿ. ‘ಫಾದರ್ ಹತ್ತಿರ ಕೊಟ್ಟಿದ್ದೀನಿ’ ಎಂಬ ಒಂದೇ ಮಾತಿನಿಂದ ಕೇಂದ್ರದ ಹೆಸರು ಕೆಡುತ್ತದೆ.

ಪಡಿತರ ಮತ್ತು ಇ-ಶ್ರಮ್

ಇವು ಬೇಗ ಆಗುವ ಕೆಲಸ. ಊರಿನ ಆದ್ಯತಾ ಪಡಿತರ ಚೀಟಿಗೆ ಆಧಾರ್ ಜೋಡಣೆಯಾಗಿದ್ದರೆ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಧಾನ್ಯ ಪಡೆಯಬಹುದು. ಚೀಟಿ ಕೈಯಲ್ಲಿ ಇರಬೇಕಿಲ್ಲ, ನಂಬರ್ ಸಾಕು. ಮನೆಯವರು ಊರಿನಲ್ಲಿ ಒಂದಷ್ಟು ಪಡೆದು ಉಳಿದ ಪಾಲನ್ನು ಇವನು ಇಲ್ಲಿ ಪಡೆಯಲೂ ಬರುತ್ತದೆ. ಕರ್ನಾಟಕ ಸರ್ಕಾರ ಹೆಚ್ಚುವರಿಯಾಗಿ ಕೊಡುವುದು ಹೊರರಾಜ್ಯದ ಚೀಟಿಗೆ ಸಿಗದು, ಅದನ್ನು ಮೊದಲೇ ಹೇಳಿಬಿಡಿ. ಸವೆದ ಬೆರಳು, ಇ-ಕೆವೈಸಿ ಆಗದ ಹೆಸರು, ‘ಸ್ಟಾಕ್ ಇಲ್ಲ’ ಎನ್ನುವ ಅಂಗಡಿಯವರು ಸಾಮಾನ್ಯ ತೊಡಕುಗಳು. ಮೊದಲನೆಯದಕ್ಕೆ ಆಧಾರ್ ಕೇಂದ್ರ, ಎರಡನೆಯದಕ್ಕೆ ನ್ಯಾಯಬೆಲೆ ಅಂಗಡಿ, ಮೂರನೆಯದಕ್ಕೆ ತಾಲ್ಲೂಕಿನ ಆಹಾರ ನಿರೀಕ್ಷಕರು. ಕೇಂದ್ರ ಸರ್ಕಾರದ ಇ-ಶ್ರಮ್ ಪೋರ್ಟಲ್‌ನ ನೋಂದಣಿ 16ರಿಂದ 59 ವಯಸ್ಸಿನ, ಪಿಎಫ್, ಇಎಸ್‌ಐ ಇಲ್ಲದ ಅಸಂಘಟಿತರಿಗೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ಇದ್ದರೆ ಕೇಂದ್ರದಲ್ಲೇ ಕೂತು ಮುಗಿಸಬಹುದು. ಕಟ್ಟಡ ಕಾರ್ಮಿಕರಾದರೆ ಹಿಂದಿನ ವರ್ಷದಲ್ಲಿ 90 ದಿನ ದುಡಿದ ಪ್ರಮಾಣಪತ್ರದೊಂದಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಗೂ ಹಾಕಿಸಿ.

ಕೆಲಸದಲ್ಲಿ ಅಪಘಾತ

ಕೈ ಪ್ರೆಸ್‌ಗೆ ಸಿಕ್ಕಿತು, ಮೇಲಿಂದ ಬಿದ್ದ ಎಂಬ ಸುದ್ದಿ ಬಂದ ಗಂಟೆಯಲ್ಲೇ ಒಬ್ಬರು ಆಸ್ಪತ್ರೆಯಲ್ಲಿರಬೇಕು. ಕಂಟ್ರಾಕ್ಟರ್ ಸಣ್ಣ ನರ್ಸಿಂಗ್ ಹೋಂಗೆ ಕರೆದೊಯ್ದು ‘ಬೈಕಿನಿಂದ ಬಿದ್ದ’ ಎಂದು ಬರೆಸುವುದು ಮೊದಲ ಅಪಾಯ. ದಾಖಲಾತಿ ಚೀಟಿಯಲ್ಲಿ ಅಪಘಾತ ನಡೆದ ಜಾಗ, ಹೊತ್ತು ಸರಿಯಾಗಿ ನಮೂದಾಗಲಿ, ಎಂಎಲ್‌ಸಿ (ಆಸ್ಪತ್ರೆ ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ದಾಖಲೆ) ಮಾಡಿಸಲೇಬೇಕು. ಅದಿಲ್ಲದೆ ಮುಂದೆ ಪರಿಹಾರಕ್ಕೆ ಹೋದರೆ ಕೆಲಸದಲ್ಲೇ ಗಾಯವಾಯಿತೆಂದು ತೋರಿಸುವುದು ಬಹಳ ಕಷ್ಟ.

ತಿಂಗಳ ವೇತನ 21,000 ರೂಪಾಯಿವರೆಗಿನವರಿಗೆ, ಇಎಸ್‌ಐ ಅನ್ವಯವಾಗುವ ಕಾರ್ಖಾನೆಯಲ್ಲಿ ಮೊದಲ ದಿನದಿಂದಲೇ ರಕ್ಷಣೆಯುಂಟು. ಕೆಲಸದ ಗಾಯಕ್ಕೆ ಇಷ್ಟು ತಿಂಗಳ ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ. ಗಾಯದಿಂದ ದುಡಿಯಲಾಗದ ದಿನಗಳಿಗೆ ಸರಾಸರಿ ದಿನಗೂಲಿಯ ಶೇ 90ರಷ್ಟು ಸಿಗುತ್ತದೆ. ಅಪಘಾತವಾದ ಮೇಲೆ ತರಾತುರಿಯಲ್ಲಿ ನೋಂದಾಯಿಸುವ ಕಂಟ್ರಾಕ್ಟರ್‌ಗಳಿದ್ದಾರೆ, ಆಗ ಸೇರಿದ ದಿನಾಂಕ ತಪ್ಪಾಗಿ ಬೀಳುತ್ತದೆ. ನಿಮ್ಮ ರಿಜಿಸ್ಟರ್‌ನಲ್ಲಿ ಮೊದಲೇ ಬರೆದಿಟ್ಟ ಸೇರಿದ ದಿನ ಇಂಥ ಹೊತ್ತಿನಲ್ಲೇ ಕೆಲಸಕ್ಕೆ ಬರುವುದು. ಇಎಸ್‌ಐ ಅನ್ವಯವಾಗದ ಕಡೆ ಮಾಲೀಕನೇ ಪರಿಹಾರ ಕೊಡಬೇಕು. ಸಾವಾದರೆ ತಿಂಗಳ ವೇತನದ ಅರ್ಧವನ್ನು, ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಶೇ 60ನ್ನು ವಯಸ್ಸಿಗೆ ತಕ್ಕ ಅಂಶದಿಂದ ಗುಣಿಸುತ್ತಾರೆ. ಸಾವಿನ ಪರಿಹಾರ ಪ್ರಾಧಿಕಾರದ ಮುಂದೆ ಠೇವಣಿಯಾಗಬೇಕು. ಶವಾಗಾರದ ಮುಂದೆ ಐವತ್ತು ಸಾವಿರ ಕೈಗಿಟ್ಟು ‘ಎಲ್ಲಾ ತೀರಿತು’ ಎಂದು ಬರೆಸಿಕೊಂಡರೆ ಅಲ್ಲಿಗೆ ಹೊಣೆ ಮುಗಿಯುವುದಿಲ್ಲ. ಇದನ್ನು ಸತ್ತವನ ಅಣ್ಣನಿಗೋ ಭಾವನಿಗೋ ಆ ಹೊತ್ತಿನಲ್ಲೇ, ಅವನ ಭಾಷೆಯಲ್ಲೇ ಹೇಳಿ.

ಶವ ಊರಿಗೆ ಕಳಿಸುವುದು

ಯಾರಾದರೂ ತೀರಿಕೊಂಡಾಗ ಕೇಂದ್ರದವರು ಕಂಗಾಲಾಗುವುದೇ ಹೆಚ್ಚು, ಹಾಗಾಗಿ ಕ್ರಮವನ್ನು ಬರೆದು ಗೋಡೆಗೆ ಅಂಟಿಸಿಡಿ. ಅಪಘಾತ, ಆತ್ಮಹತ್ಯೆ, ಅನುಮಾನದ ಸಾವಾದರೆ ಮೊದಲು ಪೊಲೀಸ್ ಠಾಣೆ, ಪ್ರಕರಣ ದಾಖಲು, ಮಹಜರು, ಆಮೇಲೆ ಮರಣೋತ್ತರ ಪರೀಕ್ಷೆ. ದೂರದೂರಿಗೆ ಒಯ್ಯುವುದಾದರೆ ಶವ ಕೆಡದಂತೆ ಎಂಬಾಮಿಂಗ್ ಮಾಡಿಸಬೇಕು. ಇದನ್ನು ವೈದ್ಯಕೀಯ ಕಾಲೇಜುಗಳ ಅಂಗರಚನಾ ವಿಭಾಗದಲ್ಲಿ ಮಾಡುತ್ತಾರೆ. ರಜಾದಿನವಾದರೆ ಮೊದಲೇ ಫೋನ್ ಮಾಡಿ ಕೇಳಿ. ವಿಮಾನದಲ್ಲಿ ಕಳಿಸಲು ಮರಣ ಪ್ರಮಾಣಪತ್ರ, ಮರಣೋತ್ತರ ವರದಿ ಇಲ್ಲವೇ ಅದು ನಡೆದ ಪತ್ರ, ಎಂಬಾಮಿಂಗ್ ಪ್ರಮಾಣಪತ್ರ, ಪೊಲೀಸರ ನಿರಾಕ್ಷೇಪಣಾ ಪತ್ರ, ಸತ್ತವನ ಮತ್ತು ಜೊತೆಗೆ ಹೋಗುವವನ ಗುರುತಿನ ಚೀಟಿ ಬೇಕು. ಎಲ್ಲದರಲ್ಲೂ ಹೆಸರಿನ ಕಾಗುಣಿತ ಆಧಾರ್‌ನಲ್ಲಿರುವಂತೆಯೇ ಇರಲಿ. ಒಂದು ಅಕ್ಷರ ತಪ್ಪಿದರೂ ಸರಕು ವಿಭಾಗದಲ್ಲಿ ಶವ ನಿಂತುಬಿಡುತ್ತದೆ. ಖರ್ಚು ಕಂಪನಿಯವರದೇ ಎಂದು ಮೊದಲ ಮಾತಿನಲ್ಲೇ ಕೇಳಿ. ಈ ಖರ್ಚನ್ನು ಪರಿಹಾರದ ಮೊತ್ತದಲ್ಲಿ ಮುರಿದುಕೊಳ್ಳಲು ಬಿಡಬೇಡಿ.

ಮರಣ ನೋಂದಣಿ ಆಗುವುದು ಸಾವು ನಡೆದ ಊರಿನಲ್ಲೇ, 21 ದಿನಗಳೊಳಗೆ. ಮನೆಯವರು ಹೊರಟುಹೋದ ಮೇಲೆ ಅಲ್ಲಿಂದ ಇದನ್ನು ಪಡೆಯಲು ಪಡಬಾರದ ಪಾಡು ಪಡುತ್ತಾರೆ. ಪ್ರಮಾಣಪತ್ರದ ಐದಾರು ಪ್ರತಿ ತೆಗೆಸಿ ಕಳಿಸಿಕೊಡಿ. ಪಿಎಫ್, ವಿಮೆ, ಬ್ಯಾಂಕು ಎಲ್ಲಕ್ಕೂ ಅದೇ ಬೇಕು.

ಜೀತದ ಗುಮಾನಿ ಬಂದರೆ

ಮುಂಗಡ ಕೊಟ್ಟು ಕರೆತಂದು, ಅದು ತೀರುವವರೆಗೆ ಬೇರೆಲ್ಲೂ ಹೋಗಕೂಡದು ಎಂದರೆ, ಆಧಾರ್, ಫೋನ್ ಕಿತ್ತಿಟ್ಟುಕೊಂಡಿದ್ದರೆ, ಮನೆಯವರಲ್ಲಿ ಒಬ್ಬರನ್ನು ಒತ್ತೆಯಂತೆ ಉಳಿಸಿಕೊಂಡು ಉಳಿದವರನ್ನು ಹಬ್ಬಕ್ಕೆ ಬಿಟ್ಟರೆ, ಅದು ಕೂಲಿಯ ತಕರಾರಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಅಪರಾಧ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

ಇಲ್ಲಿ ಹುಡುಗರ ಗುಂಪು ಕಟ್ಟಿಕೊಂಡು ಗೂಡಿಗೆ ನುಗ್ಗಬಾರದು. ರಾತ್ರೋರಾತ್ರಿ ಎಲ್ಲರನ್ನೂ ಲಾರಿಗೆ ತುಂಬಿ ಬೇರೆಡೆ ಸಾಗಿಸಿಬಿಡುತ್ತಾರೆ. ಒಳಗಿನವರ ಹೆಸರು, ಊರು, ಮುಂಗಡದ ಮೊತ್ತ, ಜಾಗದ ಗುರುತನ್ನು ಸದ್ದಿಲ್ಲದೆ ಬರೆದು ಜಿಲ್ಲಾಧಿಕಾರಿ ಮತ್ತು ಉಪವಿಭಾಗಾಧಿಕಾರಿಗಳಿಗೆ ಲಿಖಿತ ದೂರು ಕೊಡಿ, ಒಂದು ಪ್ರತಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಮಕ್ಕಳಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಅಧಿಕಾರಿಗಳು ಬಂದ ದಿನ ಹಿಂದಿ, ಒಡಿಯಾ ಬಲ್ಲವರೊಬ್ಬರನ್ನು ಜೊತೆಗೆ ಕಳಿಸಿ. ಮೇಸ್ತ್ರಿಯೇ ದುಭಾಷಿಯಾದರೆ ಹೇಳಿಕೆ ಪೂರಾ ತಿರುಚಿಹೋಗುತ್ತದೆ.

ಜೀತದಿಂದ ಬಿಡುಗಡೆಯಾದ ಪ್ರಮಾಣಪತ್ರ ಕೈಗೆ ಬರದೆ ಒಬ್ಬರನ್ನೂ ರೈಲು ಹತ್ತಿಸಬೇಡಿ. ‘ಬಾಕಿ ಕೊಡಿಸಿದ್ದೇವೆ, ಊರಿಗೆ ಹೋಗಲಿ’ ಎಂದು ಸಾಗಹಾಕಿದರೆ ತಕ್ಷಣದ ನೆರವಾದ 30,000 ರೂಪಾಯಿವರೆಗಿನ ಮೊತ್ತವೂ ಇಲ್ಲ, ಪುನರ್ವಸತಿಯೂ ಇಲ್ಲ. ಮುಂದಿನ ವರ್ಷ ಅದೇ ಸಂಸಾರ ಇನ್ನೊಂದು ಗೂಡಿನಲ್ಲಿ ಮತ್ತದೇ ಮುಂಗಡಕ್ಕೆ ಸಿಕ್ಕಿರುತ್ತದೆ. ವಕೀಲರು ಬೇಕಾದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಮಾನವ ಸಾಗಣೆಗೂ ಬಿಟ್ಟಿ ದುಡಿಮೆಗೂ ಸಿಕ್ಕವರಿಗೆ, ಹೆಂಗಸರು, ಮಕ್ಕಳಿಗೆ, ಪರಿಶಿಷ್ಟರಿಗೆ ವರಮಾನ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ.

ಫಾದರ್ ವರ್ಗವಾದ ಮೇಲೆ

ಇಂಥ ಕೇಂದ್ರಗಳು ಹೆಚ್ಚಾಗಿ ನಿಂತುಹೋಗುವುದು ಶುರು ಮಾಡಿದ ಗುರುಗಳಿಗೆ ವರ್ಗವಾದಾಗ. ಎಲ್ಲ ನಂಬರ್‌ಗಳು ಅವರ ಮೊಬೈಲಿನಲ್ಲಿ, ಎಲ್ಲ ಪರಿಚಯ ಅವರ ತಲೆಯಲ್ಲಿ ಇದ್ದುದೇ ಕಾರಣ. ಕೇಂದ್ರಕ್ಕೇ ಒಂದು ಸಿಮ್ ತೆಗೆಯಿರಿ, ಅದು ಯಾರ ಜೇಬಿನದೂ ಆಗದಿರಲಿ. ಕಾರ್ಮಿಕ ನಿರೀಕ್ಷಕರನ್ನು ಕಾಣಲು ಪ್ರತಿ ಬಾರಿಯೂ ಫಾದರ್ ಜೊತೆಗೆ ಶ್ರೀಸಾಮಾನ್ಯರೊಬ್ಬರು ಹೋಗಲಿ. ಬಾಕಿಯಿರುವ ಪ್ರಕರಣಗಳ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಓದಿ, ಹೆಸರುಗಳನ್ನು ಬಿಟ್ಟು. ಕೇಂದ್ರದ ಖರ್ಚಿಗೆ ಬೇರೆ ಲೆಕ್ಕ, ಇಬ್ಬರ ಸಹಿ.

ಎರಡನೇ ವರ್ಷದಿಂದ ವಲಸಿಗರನ್ನೇ ಕಾರ್ಯಕರ್ತರನ್ನಾಗಿ ಸೇರಿಸಿಕೊಳ್ಳಿ. ತನ್ನ ಬಾಕಿ ವಸೂಲಾದ ಒಡಿಶಾದ ಹುಡುಗನೊಬ್ಬ ಮೇಜಿನ ಪಕ್ಕ ಕೂತರೆ ಹೊಸಬರಿಗೆ ಬರುವ ಧೈರ್ಯವೇ ಬೇರೆ. ಆತ ಪಾಳಿ ಮುಗಿಸಿ ಬರಬೇಕಾದ್ದರಿಂದ ಆತನ ಹೊತ್ತಿಗೆ ಕೇಂದ್ರದ ಹೊತ್ತನ್ನು ಹೊಂದಿಸಿ.

ಸೆಪ್ಟೆಂಬರ್‌ನ ಕೊನೆಯ ಭಾನುವಾರ ಧರ್ಮಸಭೆ ವಲಸಿಗರ ಮತ್ತು ನಿರಾಶ್ರಿತರ ದಿನ ಆಚರಿಸುತ್ತದೆ. ಆ ದಿನಕ್ಕೆ ಕಾರ್ಮಿಕ ನಿರೀಕ್ಷಕರನ್ನೂ ಕಾನೂನು ಸೇವಾ ಪ್ರಾಧಿಕಾರದವರನ್ನೂ ಆಧಾರ್ ಕಿಟ್ ಇರುವವರನ್ನೂ ಕರೆಸಲು ಪತ್ರವನ್ನು ಆಗಸ್ಟ್ ಮೊದಲ ವಾರದೊಳಗೆ ಕೊಟ್ಟಿರಿ. ಶಿಬಿರ ಮಧ್ಯಾಹ್ನ ಇಟ್ಟರೆ ಬೆಳಗಿನ ಪಾಳಿಯವರು ತಪ್ಪಿಹೋಗುತ್ತಾರೆ. ಸಂಜೆ 3ರಿಂದ 7ರವರೆಗೆ ಇಡಿ, ಆಧಾರ್‌ನವರಿಗೆ ಕರೆಂಟು ಹೋದರೂ ನಿಲ್ಲದ ಹಾಗೆ ಯುಪಿಎಸ್ ಸಿದ್ಧವಿರಲಿ.